ತುರ್ತಾಗಿ ಪದ ಬೇಕು: ಶೇರ್ಡ್ ಫೋಲ್ಡರ್, ಪರ್ಮಿಶನ್, ಮಾಸ್ಕ್

ನಮಸ್ಕಾರ. ಕಾಲೇಜು ಲ್ಯಾಬಿನ ಲಿನಕ್ಸ್ ಸರ್ವರಿನಲ್ಲಿ ಸಾಂಬಾ (ವಿಂಡೋಸ್ ಕಂಪ್ಯೂಟರುಗಳಿಗೂ ಫೋಲ್ಡರು ಕಾಣುವಂತೆ ಮಾಡುವ ತಂತ್ರಾಂಶ) ಮೂಲಕ ಕೊಟ್ಟಿರುವ ಫೋಲ್ಡರಿಗೆ ಒಂದು ಪುಟದ ಕೈಪಿಡಿ, ಗೋಡೆಗೊಂದು ಫಲಕ ಆಗಬೇಕು. ನಾಳೆ ಬೆಳಿಗ್ಗೆ ಮುದ್ರಣಕ್ಕೆ. ಫಲಕದ ಕರಡು: «ಹಂಚಿಕೆಯ ಕಡತಕೋಶ. ಎಲ್ಲರೂ ಓದಬಹುದು, ಬರೆಯಬಹುದು. ಬೇರೆಯವರ ಕಡತ ಅಳಿಸುವಂತಿಲ್ಲ.»

ಹಂಚಿಕೆ ಸರಿಯೇ? ಪರ್ಮಿಶನ್‌ಗೆ ಅನುಮತಿಯೋ ಹಕ್ಕೋ? ಡೈರೆಕ್ಟರಿಯ (ಅಂದರೆ ಫೋಲ್ಡರಿನ) ಎಕ್ಸಿಕ್ಯೂಟ್‌ಗೆ, ಹೊಸ ಫೈಲಿನ ಪರ್ಮಿಶನ್‌ಗೆ ಮಿತಿ ಹಾಕುವ ಕ್ರಿಯೇಟ್ ಮಾಸ್ಕ್‌ಗೆ ಏನು?

*

ಹಂಚಿಕೆ ಬೇಡ. ಹಂಚಿದ್ದು ಪಾಲಾಗಿ ಅವರವರ ಮನೆ ಸೇರುತ್ತದೆ. ಇದು ಗೋಮಾಳದಂಥದ್ದು, ಪಾಲಾಗದೆ ಎಲ್ಲರ ಬಳಕೆಗೆ ಇರುವಂಥದ್ದು. ಜಂಟಿ ಖಾತೆ ಎನ್ನುವ ಹಾಗೆ ಜಂಟಿ ಕಡತಕೋಶ ಎನ್ನಿ. ಮಾಲೀಕ ಕೊಟ್ಟು ಹಿಂತೆಗೆಯುವಂಥದ್ದು ಅನುಮತಿ, ಹಕ್ಕು ಹಾಗಲ್ಲ.

*

ಹಕ್ಕು ಅರಬ್ಬಿಯಿಂದ ಬಂದದ್ದು, ಅನುಮತಿ ಸಂಸ್ಕೃತದ್ದು. ಒಪ್ಪಿಗೆ ಎಂಬ ನಮ್ಮದೇ ಪದಕ್ಕೆ ಏನಾಗಿದೆ? ಇನ್ನು ಕಡತಕೋಶ ಎಂಬುದೇ ಅಭಾಸ. ಕಡತ ಎಂದರೆ ಬಟ್ಟೆಗೆ ಇದ್ದಿಲು, ಹುಣಿಸೆ ಬೀಜದ ಸರಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಶೃಂಗೇರಿ ಮಠದ ಕಡತಗಳನ್ನು ನೋಡಿ. ಮಡಿಕೆಯೇ ಅದರ ಗುಣ. ಹಾಗಾಗಿ ಫೋಲ್ಡರೇ ಕಡತ, ಫೈಲಿಗೆ ಹಾಳೆ ಎಂದರಾಯಿತು.

*

ತಾಲ್ಲೂಕು ಕಚೇರಿಗೆ ಹೋಗಿ «ಕಡತ ವಿಲೇವಾರಿ ಆಯಿತೇ» ಎಂದು ಕೇಳಿ, ಯಾವುದನ್ನು ತೆಗೆಯುತ್ತಾರೆ ನೋಡಿ. ಬಳಕೆ ಗೆದ್ದಾಗಿದೆ. ಒಪ್ಪಿಗೆ ಮನಸ್ಸಿಗೆ ಸಂಬಂಧಿಸಿದ್ದು, ಸರ್ವರಿಗೆ ಮನಸ್ಸಿಲ್ಲ.

ಕೇಳಿದವರಿಗೆ: ಎಕ್ಸಿಕ್ಯೂಟ್‌ಗೆ ಫೈಲಿನ ಮೇಲೆ ಚಲಾಯಿಸು, ಡೈರೆಕ್ಟರಿಯ ಮೇಲೆ ಒಳಹೋಗು. ಒಂದೇ ಪದ ಬಳಸಿದರೆ ಕೈಪಿಡಿ ಕೆಡುತ್ತದೆ. ಓದುವ ಅನುಮತಿ ಮಾತ್ರ ಇದ್ದು ಒಳಹೋಗುವುದು ಇಲ್ಲದಿದ್ದರೆ ಹೆಸರುಗಳ ಪಟ್ಟಿ ಕಾಣುತ್ತದೆ, ಒಂದು ಫೈಲೂ ತೆರೆಯುವುದಿಲ್ಲ.

ಮಾಸ್ಕ್‌ಗೆ ದಯವಿಟ್ಟು ಮುಖವಾಡ ಎನ್ನಬೇಡಿ. ಸಾಂಬಾದ ಕ್ರಿಯೇಟ್ ಮಾಸ್ಕ್ ಜರಡಿ: ಅದರಲ್ಲಿರುವ ಬಿಟ್‌ಗಳಷ್ಟೇ (ಒಂದೊಂದು ಅನುಮತಿಯ ಗುರುತುಗಳಷ್ಟೇ) ಕೆಳಗಿಳಿಯುತ್ತವೆ. ಕೊನೆಯ ಮೂರು ಅಂಕೆಗಳು ಕ್ರಮವಾಗಿ ಒಡೆಯ, ಗುಂಪು, ಉಳಿದವರಿಗೆ; ಓದು 4, ಬರೆ 2, ಎಕ್ಸಿಕ್ಯೂಟ್ 1, ಇವನ್ನು ಕೂಡಿದ್ದೇ ಅಂಕೆ. ಏನೂ ಬರೆಯದೆ ಬಿಟ್ಟರೆ ಅದು 0744, ಅಂದರೆ ಗುಂಪಿಗೆ ಓದು ಮಾತ್ರ. ಒಬ್ಬ ಹಾಕಿದ ಫೈಲನ್ನು ಇನ್ನೊಬ್ಬ ತಿದ್ದಲಾಗದೆ ಒದ್ದಾಡುವುದು ಇದರಿಂದಲೇ. 0660 ಮಾಡಿ. ಡೈರೆಕ್ಟರಿ ಮಾಸ್ಕ್ ಕೂಡ 0755 ಇರುತ್ತದೆ, 0770 ಮಾಡಿ. ಆದರೆ ಲಿನಕ್ಸಿನದೇ ಯೂಮಾಸ್ಕ್‌ಗೆ (ಹೊಸ ಫೈಲಿಗೆ ಯಾವ ಅನುಮತಿ ಬೇಡ ಎಂಬ ಸೆಟ್ಟಿಂಗಿಗೆ) ಜರಡಿ ಹೊಂದದು, ಅದು ತದ್ವಿರುದ್ಧ. 022 ಎಂದರೆ ಆ ಬಿಟ್‌ಗಳನ್ನು ಕಿತ್ತುಹಾಕು ಎಂದರ್ಥ; 666 ಹೋಗಿ 644 ಆಗುತ್ತದೆ. ಅದಕ್ಕೆ ತಡೆ ಎನ್ನಿ.

*

ಜಾಲರಿ ಚೆನ್ನಾಗಿರಲಿಲ್ಲವೇ?

*

ಇಲ್ಲ. ಜಾಲರಿ ಕಿಟಕಿಗೆ.

*

ಪದದ ಜಗಳದಲ್ಲಿ ಫಲಕದ ಮೂರನೇ ವಾಕ್ಯವನ್ನು ಯಾರೂ ನೋಡಲಿಲ್ಲ. ಅಳಿಸುವ ಅಧಿಕಾರ ಫೈಲಿನ ಅನುಮತಿಯಿಂದ ಬರುವುದಿಲ್ಲ. ಅದಿರುವ ಡೈರೆಕ್ಟರಿಯಲ್ಲಿ ಬರೆಯುವ ಅನುಮತಿಯಿಂದ ಬರುತ್ತದೆ. ಫೋಲ್ಡರಿಗೆ 2770 ಇಟ್ಟರೆ ಗುಂಪಿನ ಯಾರು ಬೇಕಾದರೂ ಯಾರದ್ದನ್ನೂ ಅಳಿಸಬಹುದು. 3770 ಬೇಕು. ಮೊದಲ ಅಂಕೆ 3 ಎಂದರೆ 2 ಮತ್ತು 1 ಕೂಡಿದ್ದು: 2 ಎಂದರೆ ಹೊಸ ಫೈಲಿಗೂ ಫೋಲ್ಡರಿನ ಗುಂಪೇ ಬರುತ್ತದೆ, 1 ಸ್ಟಿಕಿ ಬಿಟ್. ಆಗ ಫೈಲಿನ ಒಡೆಯ, ಫೋಲ್ಡರಿನ ಒಡೆಯ, ರೂಟ್ (ಸರ್ವರಿನ ಸರ್ವಾಧಿಕಾರದ ಖಾತೆ) ಬಿಟ್ಟು ಬೇರೆಯವರು ಅಳಿಸಲಾಗದು. ಒಳಗೆ ಹೊಸದಾಗಿ ಮಾಡಿದ ಫೋಲ್ಡರುಗಳಿಗೆ 2 ಇಳಿದು ಬರುತ್ತದೆ, 1 ಬರುವುದಿಲ್ಲ, ಪ್ರತ್ಯೇಕವಾಗಿ ಹಾಕಬೇಕು. ತಿದ್ದಿ ಹಾಳುಮಾಡುವುದನ್ನು ಮಾತ್ರ ಇದು ತಡೆಯುವುದಿಲ್ಲ.

ಸ್ಟಿಕಿಗೆ «ಅಂಟು» ಎಂದು ಬರೆಯುವವರಿದ್ದಾರೆ. ಇಲ್ಲಿ ಯಾವುದೂ ಅಂಟುವುದಿಲ್ಲ. ಹೆಸರು ಹಳೆಯ ಯೂನಿಕ್ಸಿನಲ್ಲಿ ಪ್ರೋಗ್ರಾಮನ್ನು ಸ್ವಾಪ್‌ನಲ್ಲಿ (ಮೆಮೊರಿಗೆ ಪೂರಕವಾದ ಡಿಸ್ಕಿನ ಜಾಗದಲ್ಲಿ) ಉಳಿಸಿಕೊಳ್ಳುತ್ತಿದ್ದ ಕಾಲದ್ದು. ಕಾವಲು ಬಿಟ್ ಎನ್ನಬಹುದು, ಅಥವಾ ಸ್ಟಿಕಿ ಎಂದೇ ಬಿಡಿ, ಕನ್ನಡ ಮುಳುಗುವುದಿಲ್ಲ.

*

ಹೀಗೆ ಒಂದೊಂದನ್ನೇ ಬಿಡುತ್ತಾ ಹೋದರೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

ಫಲಕದಲ್ಲಿ «ಎಲ್ಲರೂ» ತೆಗೆಯಿರಿ. 3770ರ ಕೊನೆಯಲ್ಲಿರುವುದು ಸೊನ್ನೆ. «ಗುಂಪಿನವರು» ಎಂದಿರಲಿ.