ಅಮ್ಮನಿಗೆ ಹಿಮೋಗ್ಲೋಬಿನ್ 9.2, ವಯಸ್ಸಾಯ್ತು ಅಂತ ಬಿಡಬಹುದಾ?

ಪ್ರಶ್ನೆ:
ಅಮ್ಮನಿಗೆ 68 ವರ್ಷ. ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಂತುಬಿಡುತ್ತಾರೆ, ಅಷ್ಟು ಏದುಸಿರು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಮಂಡಿನೋವಿಗೆ ನೋವಿನ ಮಾತ್ರೆ, ಎರಡೂ ವರ್ಷಗಳಿಂದ ನಡೆದಿದೆ. ಊಟ ಚೆನ್ನಾಗೇ ಮಾಡುತ್ತಾರೆ. ಕಬ್ಬಿಣದ ಮಾತ್ರೆ ಕೊಟ್ಟರೆ ಸಾಕು, ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಅಂತ ಮನೆಯವರು. ನಿಜವಾ?

ಉತ್ತರ 1:
ವಯಸ್ಸಿನ ಮೇಲೆ ಹಾಕಿ ಸುಮ್ನಿರಬೇಡಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 68ಕ್ಕೂ ಅದೇ ಲೆಕ್ಕ. ಮುಟ್ಟು ನಿಂತ ಮೇಲೆ ತಿಂಗಳು ತಿಂಗಳು ರಕ್ತ ಹೋಗೋದಿಲ್ಲ ಅಲ್ವಾ, ಆದರೂ ಕಬ್ಬಿಣ ಕಡಿಮೆ ಅಂತ ಬಂದರೆ ಒಳಗೆಲ್ಲೋ ಸೋರುತ್ತಿದೆಯಾ ಅಂತ ಹುಡುಕಲೇಬೇಕು. ನನಗೆ ಮೊದಲ ಅನುಮಾನ ಆ ನೋವಿನ ಮಾತ್ರೆ ಮೇಲೆ. ಅದು ಹೊಟ್ಟೆಯಲ್ಲಿ ಹುಣ್ಣು ಮಾಡಿದರೆ ರಕ್ತ ಕಣ್ಣಿಗೆ ಕಾಣದಷ್ಟು ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಕೆಲವೊಮ್ಮೆ ಮೊದಲು ಗೊತ್ತಾಗೋದು ಹೀಗೇ, ಅದಕ್ಕೇ ಡಾಕ್ಟರು ಎಂಡೋಸ್ಕೋಪಿ, ಕೊಲೊನೋಸ್ಕೋಪಿ (ಕ್ಯಾಮೆರಾ ಇಳಿಸಿ ಹೊಟ್ಟೆ, ದೊಡ್ಡ ಕರುಳು ನೋಡೋದು) ಅಂದರೆ ಮುಂದೂಡಬೇಡಿ. ಮಲ ಕಪ್ಪಗೆ, ಟಾರಿನ ಥರ ಅಂಟಂಟಾಗಿದೆಯಾ ಕೇಳಿ. ಇದ್ದರೆ ಇವತ್ತೇ ತೋರಿಸಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತೆ, ಆಮೇಲೆ ಯಾವುದು ಯಾವುದರಿಂದ ಅಂತ ಗೊಂದಲ, ಹಾಗಾಗಿ ಶುರು ಮಾಡೋ ಮೊದಲೇ ಕೇಳಿಬಿಡಿ.

ಉತ್ತರ 2:
ರಿಪೋರ್ಟಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣಗಳ ಸರಾಸರಿ ಗಾತ್ರ, ಎಷ್ಟಿದೆ? 80ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ, 100 ದಾಟಿದ್ದರೆ ಬಿ12 ನೋಡಬೇಕು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಬಹುದು. ಆಸಿಡಿಟಿ ಮಾತ್ರೆ ಜಾಸ್ತಿ ದಿನ ತಗೊಂಡರೂ ಅಷ್ಟೇ.

ಪ್ರಶ್ನೆ ಕೇಳಿದವರು:
ಎಂಸಿವಿ 88. ಪಾದ ಜೋಮು ಹಿಡಿಯುತ್ತೆ ಅಂತಾರೆ, ಸಕ್ಕರೆಯಿಂದ ಅಂದ್ಕೊಂಡಿದ್ವಿ. ಎಂಸಿವಿ ಸರಿ ಇದೆ ಅಂದರೆ ಎರಡೂ ಅಲ್ಲ ಅಂತಾನಾ?

ಉತ್ತರ 2:
ಹಾಗೇನಿಲ್ಲ. ಎರಡೂ ಕೊರತೆ ಒಟ್ಟಿಗಿದ್ದರೆ ಕಬ್ಬಿಣದ ಕೊರತೆ ಕಣವನ್ನು ಚಿಕ್ಕದು ಮಾಡುತ್ತೆ, ಬಿ12 ಕೊರತೆ ದೊಡ್ಡದು ಮಾಡುತ್ತೆ, ಸರಾಸರಿ ನೋಡಿದರೆ ನಾರ್ಮಲ್! ಜೋಮು ಸಕ್ಕರೆಯಿಂದಲೂ ಬರುತ್ತೆ, ಬಿ12 ಕೊರತೆಯಿಂದಲೂ ಬರುತ್ತೆ. ಪರೀಕ್ಷೆಗೆ ಮುಂಚೆ ಬರೀ ಫೋಲಿಕ್ ಆಸಿಡ್ ಮಾತ್ರ ಕೊಡಬೇಡಿ, ಬಿ12 ಕೊರತೆ ಇದ್ದರೆ ಹಿಮೋಗ್ಲೋಬಿನ್ ಏರಿದಂತೆ ಕಂಡರೂ ನರಗಳು ಒಳಗೊಳಗೇ ಹಾಳಾಗಬಹುದು.

ಉತ್ತರ 3:
ಕಿಡ್ನಿ ಮರೀಬೇಡಿ. ಸಕ್ಕರೆ ಇರೋರಿಗೆ ಇದು ಮುಖ್ಯ. ರಕ್ತ ತಯಾರಿಸು ಅಂತ ಮೂಳೆಯ ಮಜ್ಜೆಗೆ ಹೇಳೋ ಎರಿಥ್ರೋಪೊಯಿಟಿನ್ ಹೆಚ್ಚಾಗಿ ಕಿಡ್ನಿಯಲ್ಲೇ ತಯಾರಾಗೋದು, ಕಿಡ್ನಿ ಸೋತರೆ ಅದೂ ಕಡಿಮೆಯಾಗುತ್ತೆ, ಎಂಸಿವಿ ಮಾತ್ರ ನಾರ್ಮಲ್ಲೇ ಇರುತ್ತೆ. ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಥೈರಾಯ್ಡ್ ಒಟ್ಟಿಗೇ ಮಾಡಿಸಿ. ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತೆ, ಅದಕ್ಕೇ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸೋ ಪ್ರೋಟೀನಲ್ಲಿ ಎಷ್ಟು ಪಾಲು ತುಂಬಿದೆ ಅನ್ನೋದು) ಕೂಡ ಇರಲಿ. ನೋವಿನ ಮಾತ್ರೆ ಬಗ್ಗೆ ಡಾಕ್ಟರಿಗೆ ನೀವೇ ಹೇಳಿ. ಅದು ಕಿಡ್ನಿಗೂ ಒಳ್ಳೇದಲ್ಲ.