ಅಪ್‌ಡೇಟ್: ಕೊನೆಗೂ ಔಟರ್ ವೈಲ್ಡ್ಸ್ ಮುಗಿಸಿದೆ

ಹೋದ ತಿಂಗಳು ಕೇಳಿದ್ದೆ: ಗುಂಡು ಹಾರಿಸುವ ಗೇಮ್ ನನಗೆ ಆಗಿಬರುವುದಿಲ್ಲ, ಬಾಹ್ಯಾಕಾಶದಲ್ಲಿ ಸುಮ್ನೆ ಅಲೆದಾಡುವಂಥದ್ದು ಯಾವುದಾದರೂ ಇದೆಯಾ ಅಂತ. ಹೆಚ್ಚಿನವರು 2019ರ ಔಟರ್ ವೈಲ್ಡ್ಸ್ ಅಂದಿರಿ.

ಮೊದಲ ಎರಡು ದಿನ ನಿಮ್ಮನ್ನೆಲ್ಲ ಬೈದುಕೊಂಡೆ. ನೌಕೆ ಇಳಿಸಲು ಹೋಗಿ ನಾಲ್ಕು ಸಲ ಅಪ್ಪಳಿಸಿದೆ. ಒಮ್ಮೆ ಸ್ಪೇಸ್‌ಸೂಟ್ ಹಾಕದೆ ಹೊರಗೆ ಕಾಲಿಟ್ಟೆ (ನಗಬೇಡಿ). ಸಾಲದ್ದಕ್ಕೆ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲಾ ಮೊದಲಿಂದ ಶುರು. ಹೊಸ ಆಯುಧ ಇಲ್ಲ, ಲೆವೆಲ್ ಇಲ್ಲ. ನಮಗೆ ಗೊತ್ತಾದದ್ದು ಮಾತ್ರ ಉಳಿಯುತ್ತದೆ.

ಮನಸ್ಸು ಸೋತದ್ದು ಅವರ್‌ಗ್ಲಾಸ್ ಟ್ವಿನ್ಸ್ ನೋಡಿ. ಜೋಡಿ ಗ್ರಹ. ಒಂದರಿಂದ ಇನ್ನೊಂದಕ್ಕೆ ಮರಳು ಸುರಿಯುತ್ತದೆ. ಅಲ್ಲಿ ಗುಹೆಗಳು ತುಂಬುತ್ತಾ ಹೋದ ಹಾಗೆ ಇಲ್ಲಿ ಹೂತಿದ್ದ ಕಟ್ಟಡಗಳು ಮೇಲೆ ಕಾಣುತ್ತವೆ. ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಯಾವಾಗ ಹೋಗಬೇಕು ಅನ್ನುವುದೇ ಅಲ್ಲಿ ಲೆಕ್ಕ. ತಡಮಾಡಿ ಗುಹೆ ಹೊಕ್ಕೆ, ಮರಳಿಗೂ ಚಾವಣಿಗೂ ನಡುವೆ ಅಪ್ಪಚ್ಚಿಯಾದೆ! ಬ್ರಿಟಲ್ ಹಾಲೋದಲ್ಲಿ ಗ್ರಹದ ಹೊಟ್ಟೆಯಲ್ಲೇ ಕಪ್ಪು ಕುಳಿ. ಅದರೊಳಗೂ ಬಿದ್ದೆ. ಎಲ್ಲಿ ಹೊರಬಂದೆ ಅಂತ ಹೇಳುವುದಿಲ್ಲ, ಆಡದವರ ಮಜಾ ಕೆಡಿಸಬಾರದು ಅಲ್ವಾ?

ಹೆಡ್‌ಫೋನ್ ಹಾಕಿಕೊಳ್ಳಿ ಅಂದವರಿಗೆ ಜಾಸ್ತಿ ಥ್ಯಾಂಕ್ಸ್. ಸಿಗ್ನಲ್‌ಸ್ಕೋಪ್ (ಗೇಮ್‌ನಲ್ಲಿ ದೂರದ ಸದ್ದು ಹಿಡಿಯುವ ಸಾಧನ) ತಿರುಗಿಸಿದರೆ ಒಂದು ಗ್ರಹದಿಂದ ಬ್ಯಾಂಜೋ, ಇನ್ನೊಂದರಿಂದ ಕೊಳಲು ಕೇಳುತ್ತದೆ. ಒಂದು ರಾತ್ರಿ ಬರೀ ಅದನ್ನೇ ಕೇಳುತ್ತಾ ಕೂತಿದ್ದೆ.

ಗೈಡ್ ನೋಡಬೇಡ ಅಂದಿದ್ದಿರಿ. ಒಂದೇ ಒಂದು ಸಲ ನೋಡಿದೆ. ಈಗಲೂ ಹೊಟ್ಟೆ ಉರಿಯುತ್ತದೆ.

2021ರ ವಿಸ್ತರಣೆ ಎಕೋಸ್ ಆಫ್ ದಿ ಐ ಈಗ ಡೌನ್‌ಲೋಡ್ ಆಗುತ್ತಿದೆ. ಅದರಲ್ಲಿ ಕತ್ತಲೆ ಜಾಸ್ತಿಯಂತೆ. ಹೆದರಿಕೆ ಕಮ್ಮಿ ಮಾಡುವ ಆಯ್ಕೆ ಆನ್ ಮಾಡಿಯೇ ಕೂರುತ್ತೇನೆ.