ದೊಡ್ಡಪ್ಪ ಕಳಿಸಿದ ಫಾರ್ವರ್ಡ್, ಅಮ್ಮನ ನಡಿಗೆ

ದೊಡ್ಡಪ್ಪ (ಫಾರ್ವರ್ಡ್): ತಲೆಯಲ್ಲಿ ನೀರು ತುಂಬಿದೆಯೇ? ಆಪರೇಷನ್ ಬೇಡ! 48 ದಿನ ನೀರು ಕಡಿಮೆ ಕುಡಿದು ಈ ಕಷಾಯ ತೆಗೆದುಕೊಳ್ಳಿ. ನೀರು ಇಳಿಸಲು ಶಂಟ್ ಎಂಬ ಕೊಳವೆ ಹಾಕಿಸಿದವರು ಜೀವನಪೂರ್ತಿ ರೋಗಿಗಳು. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ನಿಮ್ಮಮ್ಮನಿಗೆ ಇದನ್ನು ಮಾಡಿ ನೋಡಿ. ಒಂದು ಸಲ ಪಟ್ಟ ಪಾಡು ಸಾಕು. ಮತ್ತೆ ತಲೆಗೆ ಕೈ ಹಾಕಿಸಬೇಡಿ.

ಮೈಸೂರು ಅತ್ತೆ: ಹೌದು ಕಣೆ. ಮೆದುಳಿನಲ್ಲಿ ರಕ್ತನಾಳ ಒಡೆದು, ಅಷ್ಟು ದೊಡ್ಡ ಗಂಡಾಂತರ ದಾಟಿ ಬಂದಿದ್ದಾರೆ ಅತ್ತಿಗೆ. ಸುಸ್ತು ಇರುತ್ತೆ ಅಲ್ವಾ? ಮಲಗಲಿ ಬಿಡು.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನು ಅಮ್ಮನಿಗೆ ಕಳಿಸಬೇಡಿ. ನೀರು ಕಡಿಮೆ ಮಾಡುವುದಂತೂ ಬೇಡವೇ ಬೇಡ. ತಲೆಯೊಳಗಿನ ನೀರು ನಾವು ಕುಡಿದದ್ದು ಹೋಗಿ ನಿಂತದ್ದಲ್ಲ. ಮೆದುಳಿನ ಒಳಗೇ ದಿನಕ್ಕೆ ಸುಮಾರು ಅರ್ಧ ಲೀಟರ್ ತಯಾರಾಗುತ್ತದೆ. ಒಂದು ಹೊತ್ತಿಗೆ ಇರುವುದು 150 ಮಿಲಿಯಷ್ಟೇ. ಹಳೆಯದು ಹೋಗುತ್ತಾ ಹೊಸದು ಬರುತ್ತಾ ಇರಬೇಕು. ಹೋಗುವ ದಾರಿ ಕಟ್ಟಿದರೆ ನಾವು ಬಾಯಿ ಒಣಗಿಸಿಕೊಂಡರೂ ಒಳಗೆ ತುಂಬುತ್ತಲೇ ಇರುತ್ತದೆ.

ಅಣ್ಣ: ಆದರೆ ಒಡೆದ ಆ ರಕ್ತನಾಳದ ಉಬ್ಬಿಗೆ ಕಾಯಿಲ್ (ಸಣ್ಣ ತಂತಿ ಸುರುಳಿ) ಹಾಕಿ ಮುಚ್ಚಿದ್ದಾರಲ್ಲ. ಮನೆಗೆ ಬಂದಾಗ ಚೆನ್ನಾಗಿಯೇ ನಡೆಯುತ್ತಿದ್ದಳು. ಎರಡು ತಿಂಗಳಾದ ಮೇಲೆ ಇದು ಎಲ್ಲಿಂದ ಬಂತು?

ನಾನು: ಉಬ್ಬು ಮುಚ್ಚಿದೆ. ಆದರೆ ಅದು ಒಡೆದಾಗ ಚೆಲ್ಲಿದ ರಕ್ತ ಆ ನೀರಿನಲ್ಲೇ ಹರಡಿತ್ತು. ನೀರು ವಾಪಸ್ ಹೀರಿಕೊಳ್ಳುವ ಜಾಗ ಅದರಿಂದ ಕೆಡುತ್ತದೆ. ಇಂಗುಗುಂಡಿಗೆ ಹೂಳು ತುಂಬಿದ ಹಾಗೆ. ಅದಕ್ಕೇ ವಾರಗಳು, ತಿಂಗಳುಗಳು ಕಳೆದ ಮೇಲೆ ನಿಧಾನವಾಗಿ ಕಾಣಿಸಿಕೊಳ್ಳಬಹುದು.

ಅತ್ತೆ, ಇದು ಬರೀ ಸುಸ್ತಲ್ಲ. ಅಮ್ಮನ ಕಾಲು ನೆಲಕ್ಕೆ ಅಂಟಿದ ಹಾಗೆ ಆಗುತ್ತದೆ. ಹೊಸಿಲ ಹತ್ತಿರ ನಿಂತೇಬಿಡುತ್ತಾಳೆ. ಗುಂಪಿನಲ್ಲಿ ಬರೆಯಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಬಚ್ಚಲಿಗೆ ಹೋಗುವಷ್ಟರಲ್ಲಿ ಸೀರೆ ಒದ್ದೆಯಾಗುತ್ತದೆ. ಮಾತಿಗೆ ಉತ್ತರ ಬರಲು ಅರ್ಧ ನಿಮಿಷ ಬೇಕು. ನಡಿಗೆ, ಮೂತ್ರ, ಮರೆವು. ಈ ಮೂರನ್ನೂ ಕೊಲಂಬಿಯಾದ ಡಾಕ್ಟರ್ ಸಾಲೊಮೊನ್ ಹಕೀಮ್ 1965ರಲ್ಲೇ ಒಟ್ಟಿಗೆ ಗುರುತಿಸಿದ್ದರು, ನೀರು ತೆಗೆದರೆ ಸುಧಾರಿಸುವ ಕಾಯಿಲೆ ಅಂತ. ನಾನು ಎರಡು ವಾರ "ಸ್ವಲ್ಪ ಮನಸ್ಸು ಮಾಡಮ್ಮ" ಅಂತ ಅಮ್ಮನ ಮೇಲೆ ರೇಗಿದ್ದೇನೆ. ನೆನೆಸಿಕೊಂಡರೆ ಅಳು ಬರುತ್ತದೆ.

ದೊಡ್ಡಪ್ಪ: ಶಂಟ್ ಕಟ್ಟಿಕೊಳ್ಳುತ್ತದೆ, ಕೀವಾಗುತ್ತದೆ ಅಂತಾರೆ. ಅದೂ ಸುಳ್ಳಾ?

ನಾನು: ಅದು ಸುಳ್ಳಲ್ಲ ದೊಡ್ಡಪ್ಪ. ತಲೆಯಿಂದ ಚರ್ಮದ ಕೆಳಗೇ ಕತ್ತು, ಎದೆ ದಾಟಿ ಹೊಟ್ಟೆಗೆ ಇಳಿಯುವ ಸಣ್ಣ ಕೊಳವೆ ಅದು. ಕಟ್ಟಿಕೊಳ್ಳಬಹುದು, ಸೋಂಕೂ ಆಗಬಹುದು. ಜ್ವರ, ವಾಂತಿ, ಜಾಸ್ತಿ ತಲೆನೋವು, ಮಂಪರು ಬಂದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಆದರೆ ಅದನ್ನು ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿಕೊಂಡು ಇರುವವರೂ ಇದ್ದಾರೆ.

ಅಣ್ಣ: ಖರ್ಚು?

ನಾನು: ವಿದೇಶಿ ಶಂಟ್‌ಗೆ ಜಾಸ್ತಿ. ನಮ್ಮ ದೇಶದ ಛಾಬ್ರಾ ಶಂಟ್ ತುಂಬ ಅಗ್ಗ. ಉಗಾಂಡಾದಲ್ಲಿ 195 ಮಕ್ಕಳಲ್ಲಿ ಎರಡನ್ನೂ ಹೋಲಿಸಿದಾಗ ಒಂದು ವರ್ಷದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದು ಮಕ್ಕಳ ಲೆಕ್ಕ. ಅಮ್ಮನಿಗೆ ಯಾವುದು ಅಂತ ಡಾಕ್ಟರನ್ನೇ ಕೇಳೋಣ.

ಮೈಸೂರು ಅತ್ತೆ: ಹಾಕಿಸಿದರೆ ಮೊದಲಿನ ಹಾಗೇ ಆಗುತ್ತಾರಾ?

ನಾನು: ಹಾಗೆ ಮಾತು ಕೊಡಲು ಆಗುವುದಿಲ್ಲ ಅತ್ತೆ. ನಡಿಗೆ ಸುಧಾರಿಸುವ ಆಸೆ ಹೆಚ್ಚು. ಮರೆವು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ರಕ್ತಸ್ರಾವದ್ದೇ ಪೆಟ್ಟು ಸ್ವಲ್ಪ ಉಳಿಯಬಹುದು. ಮೊದಲು ಬೆನ್ನಿನಿಂದ 30ರಿಂದ 50 ಮಿಲಿ ನೀರು ತೆಗೆದು ನಡಿಗೆ ಹೇಗಾಗುತ್ತದೆ ಅಂತ ನೋಡುತ್ತಾರಂತೆ. ಶಂಟ್ ಮಾತು ಆಮೇಲೆ.

ದೊಡ್ಡಪ್ಪ: ಸರಿ. ಕಷಾಯ ಮಾತ್ರ ಕೊಡಬಹುದಲ್ಲ?

ನಾನು: ಅದರಲ್ಲಿ ಏನೇನಿದೆ ಅಂತ ಬರೆದು ಕಳಿಸಿ ದೊಡ್ಡಪ್ಪ. ಡಾಕ್ಟರಿಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಬೇಡ.

ಅಣ್ಣ, ನಾಳೆ ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದ ಜಗುಲಿಗೆ ಬರುವುದನ್ನು ವಿಡಿಯೊ ಮಾಡಿಡು. ಕಾಲು ಪೂರ್ತಿ ಕಾಣಬೇಕು. ನೀರು ತೆಗೆದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ತೆಗೆಯೋಣ.